ಮಾತ್ರೆ ಗರಮ್, ಸಾಹೇಬರೇ

ಸೋಮವಾರ ಬೆಳಿಗ್ಗೆ ಮುಂಬೈ ಹತ್ತಿರದ ಡೊಂಬಿವಲಿ ಸ್ಟೇಷನ್ನಿನ ಪೂರ್ವ ಬದಿಯ ಟಪರಿಯವನು, ಅಂದರೆ ಸಿಗರೇಟಿನ ಗೂಡಂಗಡಿಯವನು, ಎಂದಿನಂತೆ ನಾನು ಬಾಯಿ ತೆರೆಯುವ ಮೊದಲೇ ಒಂದು ಸಿಗರೇಟನ್ನು ಮುಂದೆ ಚಾಚಿ, ನನ್ನ ಅಂಗಿಯ ಜೇಬಿನಿಂದ ಇಣುಕುತ್ತಿದ್ದ ಮಾತ್ರೆಯ ಪಟ್ಟಿಯನ್ನು ಕಂಡು ಏನು ಕಾಯಿಲೆಯೆಂದು ವಿಚಾರಿಸಿದ. ಕಾಯಿಲೆಯೇನಿಲ್ಲ, ಇದು ಸಿಗರೇಟು ಬಿಡಿಸುವ ಮಾತ್ರೆ ಎಂದೆ. ಅವನ ಮುಖ ಗಂಭೀರವಾಯಿತು. ಗಿರಾಕಿ ಕೈತಪ್ಪುತ್ತಾನೆಂಬ ಚಿಂತೆ ಅದಾಗಿರಲಿಲ್ಲ; ಹನ್ನೊಂದು ವರ್ಷಗಳ ಪರಿಚಯದಲ್ಲಿ ಅವನು ನನ್ನಿಂದ ಒಂದು ರೂಪಾಯಿ ಹೆಚ್ಚು ಪಡೆದವನಲ್ಲ. "ಇಂಥ ಮಾತ್ರೆ ಬಹಳ ಗರಮ್ ಸಾಹೇಬರೇ, ತಲೆಗೆ ಏರುತ್ತದೆ, ಜೋಪಾನ" ಎಂದು ತನ್ನ ಊರಿನ ಹಿಂದಿಯಲ್ಲಿ ನಿಜವಾದ ಕಳಕಳಿಯಿಂದ ಹೇಳುತ್ತ, ದಾರಕ್ಕೆ ಕಟ್ಟಿದ್ದ ಲೈಟರನ್ನು ನನ್ನತ್ತ ಸರಿಸಿದ.

ಆಗ ನಾನು ನಕ್ಕೆ. ಆದರೆ ರೈಲು ಥಾಣೆ ದಾಟುವಷ್ಟರಲ್ಲಿ ಹೊಟ್ಟೆ ತೊಳಸತೊಡಗಿ, ಹಿಡಿಕೆಗೆ ಜೋತುಬಿದ್ದವರ ಕಂಕುಳುಗಳ ನಡುವೆ ಕಣ್ಣು ಮುಚ್ಚಿ ನಿಂತಾಗ, ಟಪರಿಯವನ ಮಾತು ಭವಿಷ್ಯವಾಣಿಯಂತೆ ಕೇಳಿಸಿತು. ಕಚೇರಿ ತಲುಪಿ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ತಿಂಡಿ ತಿಂದು ನುಂಗಿದಿರಾ?" ನಾನು ಬರೀ ಚಹಾದ ಜೊತೆ ನುಂಗಿದ್ದೆ. ಊಟವಾದ ಮೇಲೆ ಒಂದು ಲೋಟ ನೀರಿನೊಡನೆ ತೆಗೆದುಕೊಳ್ಳಬೇಕೆಂದು ಶನಿವಾರವೇ ಅವರು ಬರೆದುಕೊಟ್ಟಿದ್ದರು. ಅಲ್ಲದೆ ಈ ಮಾತ್ರೆಯಿಂದ ಸುಮಾರು ಮೂರರಲ್ಲಿ ಒಬ್ಬರಿಗೆ ಹೊಟ್ಟೆ ತೊಳಸುತ್ತದೆಂದೂ ಹೇಳಿದ್ದರು. ಆ ಮಾತನ್ನು ನಾನು ಕೇಳಿಸಿಕೊಂಡಿರಲಿಲ್ಲ, ಏಕೆಂದರೆ ನನ್ನ ಕಿವಿಯೆಲ್ಲ ಇನ್ನೊಂದು ಅಪಾಯದ ಕಡೆಗಿತ್ತು.

ಲಾಕ್‌ಡೌನಿನಲ್ಲಿ ಕೆಲಸ ಹೋಗಿ ಎಂಟು ತಿಂಗಳು ಮನೆಯಲ್ಲಿ ಕುಳಿತಾಗ ನನಗೆ ಖಿನ್ನತೆ ಆವರಿಸಿತ್ತು, ಒಂದೂವರೆ ವರ್ಷ ಅದಕ್ಕೆ ಔಷಧ ತೆಗೆದುಕೊಂಡಿದ್ದೆ. ವ್ಯಾರೆನಿಕ್ಲಿನ್ ಎಂಬ ಈ ಮಾತ್ರೆ ಅಮೆರಿಕದಲ್ಲಿ 2006ರಲ್ಲಿ ಒಪ್ಪಿಗೆ ಪಡೆದು ಬಂದಿತು. ಸೇವಿಸಿದ ಕೆಲವರಲ್ಲಿ ಖಿನ್ನತೆ, ಉದ್ರೇಕ, ಆತ್ಮಹತ್ಯೆಯ ಯೋಚನೆ ಕಂಡುಬಂದ ವರದಿಗಳ ಮೇಲೆ 2009ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆ ಅದರ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಅಚ್ಚು ಹಾಕಿಸಿತು. ಶನಿವಾರ ರಾತ್ರಿ ಮೊಬೈಲಿನಲ್ಲಿ ನಾನು ಮೊದಲು ಹುಡುಕಿದ್ದೂ, ಓದಿ ನಿದ್ದೆಗೆಟ್ಟದ್ದೂ ಇದನ್ನೇ. ಅದೇ ಇಲಾಖೆ 2016ರ ಡಿಸೆಂಬರಿನಲ್ಲಿ ಆ ಚೌಕಟ್ಟನ್ನು ತೆಗೆಸಿತೆಂಬುದನ್ನು ಓದುವಷ್ಟು ಕೆಳಕ್ಕೆ ನನ್ನ ಬೆರಳು ಆ ರಾತ್ರಿ ಸರಿಯಲಿಲ್ಲ. ಭಯವಾದಾಗ ಮನುಷ್ಯ ಅರ್ಧ ಪುಟ ಮಾತ್ರ ಓದುತ್ತಾನೋ ಏನೋ.

ಉಳಿದರ್ಧವನ್ನು ಭಾನುವಾರ ಓದಿದೆ. ಚೌಕಟ್ಟು ತೆಗೆಯಲು ಕಾರಣವಾದದ್ದು ಅದೇ ವರ್ಷ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನ. ಎಂಟು ಸಾವಿರಕ್ಕೂ ಹೆಚ್ಚು ಧೂಮಪಾನಿಗಳು. ಅವರಲ್ಲಿ ಅರ್ಧದಷ್ಟು ಜನ ನನ್ನಂತೆಯೇ ಮನೋರೋಗದ ಚರಿತ್ರೆ ಇದ್ದವರು. ನನ್ನ ಗುಂಪಿನಲ್ಲಿ ಮನಸ್ಸಿಗೆ ಸಂಬಂಧಿಸಿದ ತೊಂದರೆ ಕಂಡವರು ಈ ಮಾತ್ರೆ ನುಂಗಿದವರಲ್ಲಿ ಶೇ. 6.5, ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ ಶೇ. 4.9. ಅಂತರ ಆಕಸ್ಮಿಕವೂ ಇರಬಹುದಾದಷ್ಟು ಸಣ್ಣದೆಂದು ಅಧ್ಯಯನಕಾರರ ಅಭಿಪ್ರಾಯ. ನಾನು ಲೆಕ್ಕಪತ್ರದ ಮನುಷ್ಯ, 1.6ರ ವ್ಯತ್ಯಾಸವನ್ನು ಸೊನ್ನೆ ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. ಆದರೆ ಹುಸಿ ಮಾತ್ರೆ ನುಂಗಿದವರಲ್ಲಿಯೂ 4.9 ಎಂಬ ಅಂಕಿಯ ಮೇಲೆ ಬಹಳ ಹೊತ್ತು ಕುಳಿತೆ. ಏನೂ ಇಲ್ಲದ ಮಾತ್ರೆಯಿಂದ ಇವರಿಗೆ ಏನಾಯಿತು? ಅವರು ಸಿಗರೇಟು ಬಿಡಲು ಹೊರಟಿದ್ದರು, ಅಷ್ಟೇ. ನಿಕೋಟಿನ್ ತಪ್ಪಿದಾಗ ಸಿಡುಕು, ನಿದ್ರಾಹೀನತೆ, ಮನಸ್ಸಿನ ಕುಗ್ಗು ತಾವಾಗಿಯೇ ಬರುತ್ತವೆ. ಅದರಲ್ಲಿ ಮಾತ್ರೆಯ ಪಾಲೆಷ್ಟು, ಬಿಡುವಿಕೆಯ ಪಾಲೆಷ್ಟು ಎಂದು ಒಬ್ಬ ಮನುಷ್ಯನಲ್ಲಿ ಬೇರ್ಪಡಿಸಿ ಹೇಳುವುದು ಸುಲಭವಲ್ಲ.

ನನ್ನ ಮನಸ್ಥಿತಿಯ ಮೇಲೆ ಕಣ್ಣಿಡಬೇಕೆಂದು ಡಾಕ್ಟರು ಹೆಂಡತಿಗೆ ಹೇಳಿದಾಗ ಅವಳೂ ಈ ತೊಡಕನ್ನೇ ಹೇಳಿದಳು, ನನಗಿಂತ ಚೆನ್ನಾಗಿ. "ಸೇದಿದರೂ ಸಿಡುಕುತ್ತೀರಿ, ಸೇದದಿದ್ದರೂ ಸಿಡುಕುತ್ತೀರಿ. ನಾನು ಯಾವ ಸಿಡುಕನ್ನು ನೋಡಿಕೊಳ್ಳುವುದು ಮಾರಾಯ್ರೆ?" ಡಾಕ್ಟರು ನಗಲಿಲ್ಲ. ಸಿಡುಕನ್ನು ಬಿಡಿ, ಊಟ ಬೇಡವೆನ್ನುವುದು, ಮಾತು ನಿಲ್ಲಿಸುವುದು, ಬದುಕಿ ಏನು ಪ್ರಯೋಜನ ಎಂಬಂಥ ಮಾತು ಬಂದರೆ ಮಾತ್ರೆ ನಿಲ್ಲಿಸಿ ನನಗೆ ತಕ್ಷಣ ತಿಳಿಸಿ ಎಂದು ಅವಳ ಕಡೆಗೇ ತಿರುಗಿ ವಿವರಿಸಿದರು. ನಮ್ಮ ಪೇಟೆಯಲ್ಲಿ ಎರಡು ನಿಮಿಷಕ್ಕೊಬ್ಬ ರೋಗಿಯನ್ನು ಸಾಗಹಾಕುವ ಡಾಕ್ಟರುಗಳ ಪೈಕಿ ಇವರು ಅಪರೂಪ.

ಮಾತ್ರೆ ಹೇಗೆ ಕೆಲಸ ಮಾಡುತ್ತದೆ ಎಂದು ನಾನು ಕೇಳಿದಾಗ ಅವರು ಲೋಕಲ್ ರೈಲಿನ ಉಪಮೆ ಕೊಟ್ಟರು. ಮೆದುಳಿನಲ್ಲಿ ನಿಕೋಟಿನ್ ಬಂದು ಕೂರುವ ಸೀಟುಗಳಿವೆ. ಮಾತ್ರೆ ಕಲ್ಯಾಣದಲ್ಲೇ ಹತ್ತಿ ಆ ಸೀಟು ಹಿಡಿಯುತ್ತದೆ, ಕುಳಿತು ಒಂದಿಷ್ಟು ಹಿತವನ್ನೂ ಕೊಡುತ್ತದೆ, ಹಾಗಾಗಿ ಸೇದಬೇಕೆಂಬ ತಲುಬು ತಗ್ಗುತ್ತದೆ. ಥಾಣೆಯಲ್ಲಿ ಹತ್ತಿದ ನಿಕೋಟಿನ್‌ಗೆ ಕೂರಲು ಜಾಗವಿಲ್ಲ, ಆದ್ದರಿಂದ ಸೇದಿದರೂ ಸೊಗಸಿಲ್ಲ. ಮೊದಲ ಮೂರು ದಿನ ಅರ್ಧ ಮಿಲಿಗ್ರಾಂ ಒಂದು ಹೊತ್ತು, ಏಳನೆಯ ದಿನದವರೆಗೆ ಅದೇ ಎರಡು ಹೊತ್ತು, ಎಂಟನೆಯ ದಿನದಿಂದ ಒಂದು ಮಿಲಿಗ್ರಾಂ ಎರಡು ಹೊತ್ತು, ಒಟ್ಟು ಹನ್ನೆರಡು ವಾರ. ಮೊದಲ ವಾರ ಸೇದುತ್ತಲೇ ಇರಬಹುದು, ಎಂಟನೆಯ ದಿನ ಬಿಡಬೇಕು. ಜೇಬಿನಲ್ಲಿ ಮಾತ್ರೆ, ಬೆರಳಿನಲ್ಲಿ ಸಿಗರೇಟು ಎಂಬ ನನ್ನ ಸೋಮವಾರದ ವೇಷಕ್ಕೆ ವೈದ್ಯಶಾಸ್ತ್ರದ ಸಮ್ಮತಿಯಿತ್ತು.

ಬೇರೆ ದಾರಿಗಳನ್ನೂ ಅವರು ಕೈಬಿಟ್ಟಿರಲಿಲ್ಲ. ಬ್ಯುಪ್ರೊಪಿಯಾನ್ ಎಂಬುದು ಇನ್ನೊಂದು ಮಾತ್ರೆ. ಅದರಿಂದ ಸಾವಿರದಲ್ಲಿ ಸುಮಾರು ಒಬ್ಬರಿಗೆ ಫಿಟ್ಸ್ ಬರುವ ಸಂಭವವಿದೆ, ಚಿಕ್ಕಂದಿನಲ್ಲಿ ನನಗೆ ಎರಡು ಬಾರಿ ಫಿಟ್ಸ್ ಬಂದಿದ್ದರಿಂದ ಅದು ಅಲ್ಲಿಗೇ ಮುಗಿಯಿತು. ನಿಕೋಟಿನ್ ಗಮ್ಮನ್ನು ಮೂರು ವರ್ಷದ ಹಿಂದೆ ನಾನೇ ಪ್ರಯೋಗ ಮಾಡಿ, ಬಿಕ್ಕಳಿಕೆಯೂ ಎದೆಯುರಿಯೂ ಬಂದು, ಗಮ್ ಮೋಸವೆಂದು ಊರಿಗೆಲ್ಲ ಸಾರಿದ್ದೆ. ಅದನ್ನು ಮಕ್ಕಳ ಚೂಯಿಂಗ್ ಗಮ್ಮಿನಂತೆ ಜಗಿಯುತ್ತಿರಬಾರದು, ನಿಧಾನವಾಗಿ ಜಗಿದು ಖಾರವೆನಿಸಿದಾಗ ಕೆನ್ನೆಯೊಳಗೆ ಒತ್ತಿಡಬೇಕು, ಅದಕ್ಕೆ ಕಾಲು ಗಂಟೆ ಮೊದಲಿನಿಂದ ಅದು ಬಾಯಲ್ಲಿರುವವರೆಗೆ ಚಹಾ ಕಾಫಿ ಕುಡಿಯಬಾರದು ಎಂಬುದು ಈಗ ತಿಳಿಯಿತು. ನಾನು ಕಟಿಂಗ್ ಚಹಾ ಹೀರುತ್ತಲೇ ಜಗಿದಿದ್ದೆ.

ಅಪಾಯವನ್ನು ಮಾತ್ರೆಯಲ್ಲಿ ಮಾತ್ರ ಹುಡುಕುತ್ತಿದ್ದ ನನಗೆ, ನನ್ನ ಹಳೆಯ ಡೆರಿಫಿಲಿನ್ ಗುಳಿಗೆಯ ಬಗ್ಗೆ ಅವರು ಎಚ್ಚರಿಸಿದ್ದು ಆಶ್ಚರ್ಯ ತಂದಿತು. ಮಳೆಗಾಲದಲ್ಲಿ ಉಬ್ಬಸಕ್ಕೆ ಅದನ್ನು ನುಂಗುವುದು ನನ್ನ ರೂಢಿ. ಸಿಗರೇಟಿನ ಹೊಗೆಯಿಂದಾಗಿ ಯಕೃತ್ತು ಅದರಲ್ಲಿರುವ ಥಿಯೊಫಿಲಿನ್ನನ್ನು ಬೇಗಬೇಗ ಖರ್ಚು ಮಾಡುತ್ತಿತ್ತಂತೆ; ಹೊಗೆ ನಿಂತರೆ ಅದೇ ಪ್ರಮಾಣ ರಕ್ತದಲ್ಲಿ ಹೆಚ್ಚಾಗಿ ಉಳಿಯುತ್ತದೆ, ಆದ್ದರಿಂದ ಡೋಸು ಇಳಿಸಬೇಕಾಗಬಹುದು. ವ್ಯಾರೆನಿಕ್ಲಿನ್ ಬಹುಪಾಲು ಮೂತ್ರದಲ್ಲೇ ಹೊರಹೋಗುವುದರಿಂದ ಮೂತ್ರಪಿಂಡದ ಪರೀಕ್ಷೆಯನ್ನೂ ಮಾಡಿಸಿದರು. ಇವುಗಳಲ್ಲಿ ಒಂದನ್ನೂ ನಾನು ಹುಡುಕಿದ ಅರ್ಧ ಪುಟ ಹೇಳಿರಲಿಲ್ಲ.

ಮಾಟುಂಗದಲ್ಲಿರುವ ದೊಡ್ಡಪ್ಪನ ಮಗ ಮಂಗಳವಾರ ಫೋನಿನಲ್ಲಿ, "ಗಂಡಸಾದವನಿಗೆ ಬಿಡಲಿಕ್ಕೆ ಮಾತ್ರೆ ಎಂತಕ್ಕೆ? ನಾನು ಒಂದೇ ದಿನದಲ್ಲಿ ಬಿಟ್ಟೆ ನೋಡು" ಎಂದ. ಬಿಟ್ಟದ್ದು ನಿಜ. ಅಂದಿನಿಂದ ಅವನು ಎಲೆಯಡಿಕೆಗೆ ತಂಬಾಕು ಹಾಕಿ ಜಗಿಯುತ್ತಿರುವುದೂ ನಿಜ. ಆದರೂ ಅವನ ಮಾತನ್ನು ಪೂರ್ತಿ ತಳ್ಳಿಹಾಕಲಾರೆ, ಏಕೆಂದರೆ ಆ ಅಧ್ಯಯನದ ಇನ್ನೊಂದು ಅಂಕಿ ಮಾತ್ರೆಯ ಪರವಾಗಿ ಜಯಘೋಷವನ್ನೇನೂ ಮಾಡುವುದಿಲ್ಲ: ಒಂಬತ್ತನೆಯ ವಾರದಿಂದ ಇಪ್ಪತ್ತನಾಲ್ಕನೆಯ ವಾರದವರೆಗೆ ಸಿಗರೇಟು ಮುಟ್ಟದೇ ಉಳಿದವರು ಈ ಮಾತ್ರೆಯಿಂದ ನೂರಕ್ಕೆ ಸುಮಾರು 22, ಬ್ಯುಪ್ರೊಪಿಯಾನ್‌ನಿಂದಲೂ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯಿಂದಲೂ 16, ಹುಸಿ ಮಾತ್ರೆಯಿಂದ 9. ಎಲ್ಲಕ್ಕಿಂತ ಉತ್ತಮವೆನಿಸಿಕೊಂಡ ಔಷಧ ನುಂಗಿಯೂ ನೂರರಲ್ಲಿ 78 ಜನ ಸೋಲುತ್ತಾರೆ. ಡಾಕ್ಟರಿಗೆ ಇದನ್ನು ಹೇಳಿದಾಗ, "ಒಂಬತ್ತರ ಬದಲು ಇಪ್ಪತ್ತೆರಡು ಜನ ಗೆಲ್ಲುತ್ತಾರೆ ಎಂದೂ ಓದಬಹುದಲ್ಲ" ಎಂದರು.

ಹಾಗಿದ್ದರೂ ನನ್ನ ಮನಸ್ಸು ಮರಳಿ ಮರಳಿ ಹೋಗುವುದು ಟಪರಿಯವನ ಮಾತಿಗೇ. ಅವನನ್ನು ಹೇಗೆ ಹಾಸ್ಯ ಮಾಡಲಿ? ನಮ್ಮ ಅಮ್ಮನೂ ಇಂಗ್ಲಿಷ್ ಔಷಧವೆಲ್ಲ ಉಷ್ಣ ಎನ್ನುತ್ತಿದ್ದಳು. ಶನಿವಾರ ರಾತ್ರಿ ಮಾತ್ರೆಯ ಜೊತೆಗಿದ್ದ ಚೀಟಿಯನ್ನು ಮೊಬೈಲಿನ ಬೆಳಕಿನಲ್ಲಿ ಅಕ್ಷರಕ್ಷರ ಓದಿದ ನಾನು, ನಡುವೆ ಎರಡು ಬಾರಿ ಬಾಲ್ಕನಿಗೆ ಹೋಗಿ ಸೇದಿ ಬಂದಿದ್ದೆ. ದಿನಕ್ಕೆ ಹನ್ನೆರಡರಂತೆ ಇಪ್ಪತ್ತಾರು ವರ್ಷಕ್ಕೆ ಒಂದು ಲಕ್ಷ ಹದಿಮೂರು ಸಾವಿರಕ್ಕೂ ಮಿಕ್ಕಿ ಸಿಗರೇಟು. ಒಂದಕ್ಕೂ ಚೀಟಿ ಕೇಳಿದವನಲ್ಲ. ಪ್ಯಾಕಿನ ಮೇಲೆ ಶೇ. 85 ಭಾಗವನ್ನು ಚಿತ್ರವೂ ಎಚ್ಚರಿಕೆಯೂ ತುಂಬಿವೆ, 1800-11-2356 ಎಂಬ ಸಹಾಯವಾಣಿಯ ಸಂಖ್ಯೆಯೂ ಇದೆ, ಆದರೆ ನಾನು ಕೊಳ್ಳುವುದು ಬಿಡಿ ಸಿಗರೇಟು. ಬಿಡಿಯಾಗಿ ಮಾರುವುದನ್ನು ಮಹಾರಾಷ್ಟ್ರ ಸರ್ಕಾರ 2020ರಲ್ಲೇ ನಿಷೇಧಿಸಿದೆ. ನಿಷೇಧ ನಮ್ಮ ಟಪರಿಯನ್ನು ಇನ್ನೂ ತಲುಪಿಲ್ಲ. ಫೈಜರ್ ಕಂಪನಿ 2021ರಲ್ಲಿ ತನ್ನ ವ್ಯಾರೆನಿಕ್ಲಿನ್ನನ್ನು ಪೇಟೆಯಿಂದ ಹಿಂತೆಗೆದುಕೊಂಡದ್ದು ನೈಟ್ರೊಸಮೈನ್ ಎಂಬ ಕಲ್ಮಶದ ಕಾರಣಕ್ಕೆ ಎಂದು ಓದಿ ನಾನು ಬೆಚ್ಚಿದ್ದೆ. ಅದೇ ಕುಲದ, ಕ್ಯಾನ್ಸರ್ ತರುವುದೆಂದು ಖಚಿತವಾದ ರಾಸಾಯನಿಕಗಳು ತಂಬಾಕಿನಲ್ಲೂ ಅದರ ಹೊಗೆಯಲ್ಲೂ ಇವೆಯೆಂದು ಮುಂದಿನ ಸಾಲಿನಲ್ಲಿತ್ತು. ಆಗ ಅಷ್ಟೇನೂ ಬೆಚ್ಚಲಿಲ್ಲ. ಬಿಡದೇ ಹೋದವರಲ್ಲಿ ಅರ್ಧದಷ್ಟು ಜನರನ್ನು ತಂಬಾಕು ಕೊಲ್ಲಬಲ್ಲದು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತು ನನಗೆ ಕಂಠಪಾಠ. ತಕ್ಕಡಿಯ ಒಂದು ತಟ್ಟೆಯಲ್ಲಿ ಮಾತ್ರೆಯನ್ನು ಇಟ್ಟಾಗ ಇನ್ನೊಂದು ತಟ್ಟೆ ಖಾಲಿಯಿದೆಯೆಂದು ನಾನು ಭಾವಿಸಿಕೊಂಡಿದ್ದೆ. ಇಪ್ಪತ್ತಾರು ವರ್ಷದಿಂದ ಅಲ್ಲೇ ಇದ್ದ ವಸ್ತುವಿನ ತೂಕ ಕೈಗೆ ತಿಳಿಯುವುದು ನಿಂತುಹೋಗಿತ್ತು.

ಗುರುವಾರ ರಾತ್ರಿ ವಿಚಿತ್ರ ಕನಸು ಬಿತ್ತು. ಉಡುಪಿಯ ರಥಬೀದಿಯಲ್ಲಿ ಲೋಕಲ್ ರೈಲು ಬಂದು ನಿಂತಿತ್ತು, ತೀರಿಹೋದ ಅಪ್ಪ ಕಿಟಕಿಯ ಸೀಟಿನಲ್ಲಿದ್ದರು. ಕನಸುಗಳು ಚೀಟಿಯಲ್ಲಿ ಬರೆದ ಪಟ್ಟಿಯಲ್ಲೇ ಇವೆ. ಹೆಂಡತಿ ಅದನ್ನು ನೋಟ್‌ಪುಸ್ತಕದಲ್ಲಿ ತಾರೀಕು ಹಾಕಿ ಬರೆದುಕೊಂಡಳು.

ಇಂದು ಆರನೆಯ ದಿನ. ಬೆಳಿಗ್ಗೆ ತಿಂಡಿ ತಿಂದು, ಮಾತ್ರೆ ನುಂಗಿ, ಟಪರಿಗೆ ಹೋಗಿ ಸಿಗರೇಟು ಹಚ್ಚಿದರೆ ಒದ್ದೆ ರಟ್ಟನ್ನು ಸುಟ್ಟಂತೆ ಹೊಗೆ. ಮೂರು ದಮ್ಮಿಗೆ ಎಸೆದುಬಿಟ್ಟೆ. ಟಪರಿಯವನು ಎಸೆದ ತುಂಡನ್ನೂ ನನ್ನ ಮುಖವನ್ನೂ ನೋಡಿದ. ಆಮೇಲೆ ಆ ಪ್ಯಾಕನ್ನು ಎತ್ತಿ ಮೂಗಿಗೆ ಹಿಡಿದು ಮೂಸಿ, ಮಾಲು ಹಳೆಯದಿರಬೇಕು ಸಾಹೇಬರೇ ಎಂದು ಸಂಕೋಚಪಡುತ್ತ ಹೊಸ ಪ್ಯಾಕು ಒಡೆಯತೊಡಗಿದ.