ಎಷ್ಟು ಪ್ರತಿ ಹಾಕಿಸಲಿ?

ಪುಸ್ತಕವನ್ನು ತಾವೇ ಪ್ರಕಟಿಸಲು ಹೊರಟವರೆಲ್ಲ ಮೊದಲು ಕೇಳುವುದು ಇದನ್ನೇ. ಕಥಾಸಂಕಲನ ಸಿದ್ಧವಾಗಿದೆ, ಪ್ರಕಾಶಕರು ಒಪ್ಪಲಿಲ್ಲ ಅಥವಾ ಎರಡು ವರ್ಷ ಕಾಯಿರಿ ಎಂದರು, ಕೈಯಲ್ಲಿ ಒಂದಿಷ್ಟು ದುಡ್ಡಿದೆ. ಪ್ರೆಸ್ಸಿಗೆ ಹೋದರೆ, 'ಸಾವಿರ ಹಾಕಿಸಿಬಿಡಿ ಸಾರ್, ಒಂದಕ್ಕೆ ಅಗ್ಗ ಬೀಳುತ್ತೆ' ಅನ್ನುತ್ತಾರೆ. ಹಾಕಿಸಬಹುದಾ?

ಮೊದಲ ಪುಸ್ತಕವಾದರೆ 300 ಸಾಕು ಅನ್ನುವುದು ನನ್ನ ಉತ್ತರ. ಅದಕ್ಕೂ ಮುಂಚೆ ಒಂದು ನೋಟ್‌ಬುಕ್ ತೆಗೆದುಕೊಂಡು, ಕಳೆದ ಒಂದು ವರ್ಷದಲ್ಲಿ ಸ್ವಂತ ದುಡ್ಡು ಕೊಟ್ಟು ಕನ್ನಡ ಪುಸ್ತಕ ಕೊಂಡವರು ಅಂತ ನಿಮಗೆ ಖಾತ್ರಿಯಾಗಿ ಗೊತ್ತಿರುವವರ ಹೆಸರು ಬರೆಯಿರಿ. ಫೇಸ್‌ಬುಕ್ಕಿನಲ್ಲಿ ನಿಮ್ಮ ಕಥೆಗೆ 'ಅದ್ಭುತ' ಎಂದು ಬರೆಯುವವರನ್ನು ಈ ಪಟ್ಟಿಗೆ ಸೇರಿಸಬೇಡಿ. ನೆಂಟರನ್ನೂ ಬೇಡ, ಅವರಿಗೆ ನೀವೇ ಕೊಡುತ್ತೀರಿ. ಐವತ್ತು ದಾಟುವಷ್ಟರಲ್ಲಿ ಪೆನ್ನು ನಿಧಾನವಾಗುತ್ತದೆ. ನೂರು ಹೆಸರು ಬರೆಯಲು ಸಾಧ್ಯವಾದರೆ ನೀವು ಅದೃಷ್ಟವಂತರು.

ಪ್ರೆಸ್ಸಿನವರು ಸುಳ್ಳು ಹೇಳುತ್ತಿಲ್ಲ. ಆಫ್‌ಸೆಟ್ ಯಂತ್ರದಲ್ಲಿ ಪ್ಲೇಟು ಮಾಡುವುದು, ಅದನ್ನು ಕೂರಿಸುವುದು, ಇಂಕು ಹದಕ್ಕೆ ಬರುವವರೆಗೆ ಹಾಳೆ ಹಾಳು ಮಾಡುವುದು, ಇವೆಲ್ಲದರ ಖರ್ಚು 300 ಪ್ರತಿಗೂ ಒಂದೇ, 3000 ಪ್ರತಿಗೂ ಒಂದೇ. ಹೀಗಾಗಿ ಸಂಖ್ಯೆ ಏರಿದಂತೆ ಒಂದು ಪ್ರತಿಯ ಖರ್ಚು ಇಳಿಯುತ್ತದೆ. ಆದರೆ ನೀವು ನೋಡಬೇಕಾದದ್ದು ಅಚ್ಚಾದ ಪ್ರತಿಯೊಂದಕ್ಕೆ ಎಷ್ಟು ಬಿತ್ತು ಎಂಬುದನ್ನಲ್ಲ, ಮಾರಾಟವಾದ ಪ್ರತಿಯೊಂದಕ್ಕೆ ಎಷ್ಟು ಬಿತ್ತು ಎಂಬುದನ್ನು.

ಲೆಕ್ಕ ಹಾಕಿಯೇ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಪ್ರೆಸ್ಸಿನ ಕೊಟೇಶನ್ ಹಿಡಿದು ಬದಲಿಸಿಕೊಳ್ಳಿ. 208 ಪುಟ, ಬೆಲೆ 250 ರೂಪಾಯಿ. ಸಾವಿರ ಪ್ರತಿಯಾದರೆ ಒಂದಕ್ಕೆ 70ರಂತೆ 70,000. ಮುನ್ನೂರಾದರೆ ಒಂದಕ್ಕೆ 110ರಂತೆ 33,000. ಎರಡು ಕಡೆಯೂ 40 ಪ್ರತಿ ಗೌರವ ಪ್ರತಿಯಾಗಿ ಹೋಯಿತು, 260 ಮಾರಾಟವಾಯಿತು ಅಂದುಕೊಳ್ಳಿ. ಅದರಲ್ಲಿ 150 ನೀವೇ ನೇರವಾಗಿ ಶೇ. 10 ರಿಯಾಯಿತಿಯಲ್ಲಿ 225ಕ್ಕೆ ಮಾರಿದಿರಿ, ಬಂದದ್ದು 33,750. ಉಳಿದ 110 ಅಂಗಡಿಗಳ ಮೂಲಕ, ಶೇ. 40 ಕಮಿಷನ್ ಕಳೆದು 150ರಂತೆ 16,500. ಒಟ್ಟು 50,250. ಮುನ್ನೂರು ಹಾಕಿಸಿದವರಿಗೆ 17,250 ಉಳಿಯಿತು. ಸಾವಿರ ಹಾಕಿಸಿದವರಿಗೆ 19,750 ಕೈಬಿಟ್ಟಿತು, ಜೊತೆಗೆ ಮನೆಯಲ್ಲಿ 700 ಪ್ರತಿ ಕೂತಿತು. 'ಅಗ್ಗ ಬಿದ್ದ' ಪುಸ್ತಕ ಮಾರಿದ್ದೊಂದಕ್ಕೆ 269 ರೂಪಾಯಿ ಬಿದ್ದಿದೆ, ಅಂದರೆ ಮುಖಬೆಲೆಗಿಂತ 19 ರೂಪಾಯಿ ಹೆಚ್ಚು! ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸುವುದು), ಕರಡು ತಿದ್ದುವುದು, ಮುಖಪುಟ ವಿನ್ಯಾಸದ ಖರ್ಚನ್ನು ಇಲ್ಲಿ ಸೇರಿಸಿಲ್ಲ. ಅದು ಇಬ್ಬರಿಗೂ ಒಂದೇ.

ಆ 700 ಪ್ರತಿ ಸುಮ್ಮನೆ ಕೂರುವುದಿಲ್ಲ ಎಂಬುದನ್ನೂ ಹೇಳಬೇಕು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಒಂದು ಮಳೆಗಾಲ ಕಳೆದರೆ ಮುಖಪುಟದ ಲ್ಯಾಮಿನೇಶನ್ ಸುರುಳಿಯಾಗುತ್ತದೆ, ಹಾಳೆಯ ಅಂಚಿಗೆ ಕಂದು ಚುಕ್ಕೆ ಬರುತ್ತದೆ. ಬಂಡಲನ್ನು ನೆಲಕ್ಕೆ, ಗೋಡೆಗೆ ತಾಗಿಸಿ ಇಟ್ಟರೆ ಗೆದ್ದಲಿಗೆ ಹಬ್ಬ.

ಸಾವಿರ ಅನ್ನುವುದು ಪ್ರಕಾಶಕರ ಲೆಕ್ಕ. ಅವರಿಗೆ ಹತ್ತಾರು ಊರುಗಳಲ್ಲಿ ಅಂಗಡಿಯವರ ಖಾತೆ ಇದೆ, ಪುಸ್ತಕ ಮೇಳಗಳಲ್ಲಿ ಮಳಿಗೆ ಇದೆ, ಗ್ರಂಥಾಲಯ ಖರೀದಿಯ ಅನುಭವ ಇದೆ. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಏಕಗವಾಕ್ಷಿ ಯೋಜನೆಯಲ್ಲಿ ಆಯ್ಕೆಯಾದರೆ ಸಾಮಾನ್ಯವಾಗಿ 300 ಪ್ರತಿ ಹೋಗುತ್ತದೆ. ಈ ಆಸೆಯಿಂದಲೇ ಹೆಚ್ಚು ಹಾಕಿಸುವ ಲೇಖಕರಿದ್ದಾರೆ. ಅರ್ಜಿ ಖಂಡಿತ ಹಾಕಿ. ಇಲಾಖೆ ಆಯಾ ವರ್ಷ ಮೊದಲ ಮುದ್ರಣ ಕಂಡ ಪುಸ್ತಕಗಳನ್ನು ಕರೆಯುವುದರಿಂದ ಮುದ್ರಣದ ಇಸವಿಯನ್ನು ಸರಿಯಾಗಿ ಹಾಕಿ. ಆದರೆ ಆಯ್ಕೆ ತಡ, ಹಣ ಇನ್ನೂ ತಡ. ಆದೇಶ ಕೈಗೆ ಬಂದ ಮೇಲೆ ಆ 300 ಪ್ರತಿಯನ್ನು ಬೇರೆಯಾಗಿ ಅಚ್ಚು ಹಾಕಿಸಿದರಾಯಿತು.

ಇನ್ನು ಓದುಗರ ಕಡೆಯಿಂದ ನೋಡಿ. ಪುಸ್ತಕಪ್ರಿಯರು ಕೊಳ್ಳುವ ರೀತಿಗೂ ಓದುವ ರೀತಿಗೂ ನಡುವೆ ತಿಂಗಳುಗಳ ಅಂತರವಿರುತ್ತದೆ. ಬಿಡುಗಡೆಯ ದಿನ, ಸಾಹಿತ್ಯ ಸಮ್ಮೇಳನದಲ್ಲಿ, ನವೆಂಬರಿನ ರಿಯಾಯಿತಿ ಮಾರಾಟದಲ್ಲಿ ಚೀಲ ತುಂಬ ಕೊಳ್ಳುತ್ತಾರೆ. ಮನೆಗೆ ಬಂದ ಪುಸ್ತಕ ಮಂಚದ ಪಕ್ಕದ ರಾಶಿಗೆ ಸೇರುತ್ತದೆ. ರಾಶಿಯಲ್ಲಿ ಅದಕ್ಕಿಂತ ಮುಂಚೆ ಬಂದ ಹತ್ತು ಪುಸ್ತಕಗಳಿರುತ್ತವೆ. ನಿಮ್ಮ ಸರದಿ ಬರುವುದು ಮೂರನೆಯ ತಿಂಗಳೋ ಆರನೆಯ ತಿಂಗಳೋ. ಓದಿ ಇಷ್ಟವಾದರೆ ಆಗ ಇನ್ನೊಬ್ಬರಿಗೆ ಹೇಳುತ್ತಾರೆ, ಇಲ್ಲವೇ ಆ ಪ್ರತಿಯನ್ನೇ ಕೊಡುತ್ತಾರೆ. ಕನ್ನಡದಲ್ಲಿ ಒಂದು ಪ್ರತಿ ನಾಲ್ಕು ಕೈ ದಾಟುವುದು ಮಾಮೂಲು, ಅದಕ್ಕೆ ಮುನಿಸಿಕೊಳ್ಳಬೇಡಿ. ಹೀಗಾಗಿ ಮಾರಾಟ ಎರಡು ಅಲೆಯಲ್ಲಿ ಬರುತ್ತದೆ. ಮೊದಲನೆಯದು ನಿಮ್ಮ ಪರಿಚಯದ ಅಲೆ, ಒಂದೂವರೆ ತಿಂಗಳಲ್ಲಿ ಇಳಿದುಬಿಡುತ್ತದೆ. ಎರಡನೆಯದು ಪುಸ್ತಕದ್ದೇ ಅಲೆ. ಬಂದರೆ ತಡವಾಗಿ ಬರುತ್ತದೆ, ಬಾರದೆಯೂ ಇರಬಹುದು. ದುಡ್ಡನ್ನೆಲ್ಲ ಮೊದಲ ಅಲೆಗೇ ಸುರಿದವರ ಹತ್ತಿರ ಎರಡನೆಯದು ಬಂದಾಗ ಪುಸ್ತಕವೇನೋ ಇರುತ್ತದೆ, ಅದನ್ನು ಓದುಗರಿಗೆ ಮುಟ್ಟಿಸುವ ಉತ್ಸಾಹ ಉಳಿದಿರುವುದಿಲ್ಲ.

ಮಳಿಗೆಯಲ್ಲಿ ನಿಂತ ಓದುಗನನ್ನು ಹತ್ತು ನಿಮಿಷ ಗಮನಿಸಿ. ಮುಖಪುಟ ನೋಡುತ್ತಾನೆ, ತಿರುಗಿಸಿ ಬೆನ್ನುಡಿಯ ಎರಡು ಸಾಲು ಓದುತ್ತಾನೆ, ಬೆಲೆ ನೋಡುತ್ತಾನೆ, ಆಮೇಲೆ ನಡುವೆ ಎಲ್ಲೋ ಒಂದು ಪುಟ ತೆರೆಯುತ್ತಾನೆ. ಹಿರಿಯರು ಯಾರು ಬರೆದಿದ್ದರೂ ಎಂಟು ಪುಟದ ಮುನ್ನುಡಿಯನ್ನು ಅಲ್ಲಿ ಯಾರೂ ಓದುವುದಿಲ್ಲ. ತೆರೆದ ಪುಟದಲ್ಲಿ ಸಾಲುಗಳು ಇಕ್ಕಟ್ಟಾಗಿದ್ದರೆ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತಿದ್ದರೆ, ಕೆಳಗಿಡುತ್ತಾನೆ. ಇಂಗ್ಲಿಷಿನ ಅಳತೆಯನ್ನೇ ಇಟ್ಟುಕೊಂಡು ಕನ್ನಡ ಜೋಡಿಸಿದರೆ ಆಗುವುದು ಇದೇ. 12 ಪಾಯಿಂಟಿನ ಅಕ್ಷರಕ್ಕೆ ಸಾಲಿನ ಅಂತರ 16 ಪಾಯಿಂಟಾದರೂ ಬೇಕು.

ಅದೇ ಪುಟದಲ್ಲಿ 'ಅಥರ್', 'ವಷರ್', 'ಕಾಯರ್' ಎಂದು ಕಂಡರಂತೂ ಮುಗಿಯಿತು. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುವ ಬಿಡಿ ಗುರುತು. ಈಗ ಎಲ್ಲೆಡೆ ಬಳಸುವ ಯೂನಿಕೋಡಿನಲ್ಲಿ 'ರ್' ಮೊದಲು ಬರುತ್ತದೆ. ಪರಿವರ್ತಿಸುವ ತಂತ್ರಾಂಶ ಸರಿಯಿಲ್ಲದಿದ್ದರೆ 'ಅರ್ಥ' ಎಂಬ ಪದ 'ಅಥರ್' ಆಗುತ್ತದೆ. ಹುಡುಕುವುದು ಸುಲಭ: ಕಡತದಲ್ಲಿ 'ರ್' ಮತ್ತು ಅದರ ಮುಂದೆ ಒಂದು ಖಾಲಿ ಜಾಗ ಕೊಟ್ಟು ಹುಡುಕಿ. ಡಾಕ್ಟರ್, ಕಾರ್ ಮುಂತಾದವನ್ನು ಬಿಟ್ಟು ಉಳಿದದ್ದನ್ನು ತಿದ್ದಿ. ಪದದ ನಡುವೆ ಅಡಗಿರುವುದು ಇದಕ್ಕೆ ಸಿಗುವುದಿಲ್ಲ, ಅದಕ್ಕೆ ಕಣ್ಣೇ ಗತಿ. ಹಾಗೆಯೇ 'ಸಾಫ್ಟ್‌ವೇರ್' ಎಂಬುದು 'ಸಾಫ್ಟ್ವೇರ್' ಆಗಿ ಒತ್ತು ಹತ್ತಿಕೊಂಡಿದ್ದರೆ ಅಕ್ಷರಗಳು ಒತ್ತಾಗಿ ಕೂಡದಂತೆ ನಡುವೆ ಹಾಕುವ, ಕಣ್ಣಿಗೆ ಕಾಣದ ಗುರುತು ಬಿದ್ದುಹೋಗಿದೆ ಎಂದರ್ಥ. ಪ್ರೆಸ್ಸಿಗೆ ಹೋಗುವ ಪಿಡಿಎಫ್ ಕಡತವನ್ನು ಪರದೆಯ ಮೇಲೆ ನೋಡಿ ಒಪ್ಪಿಗೆ ಕೊಡಬೇಡಿ. ಒಮ್ಮೆ ಕಾಗದದ ಮೇಲೆ ತೆಗೆಸಿ, ಬರೆದವರಲ್ಲದ ಇನ್ನೊಬ್ಬರಿಂದ ಓದಿಸಿ.

ಪುಟಗಳ ಸಂಖ್ಯೆಯೂ ನಿಮ್ಮ ಕೈಯಲ್ಲಿ ಪೂರ್ತಿ ಇಲ್ಲ. ಕನ್ನಡ ಪುಸ್ತಕಗಳ ಸಾಮಾನ್ಯ ಅಳತೆ 1/8 ಡೆಮಿ, ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಒಂದು ಡೆಮಿ ಹಾಳೆ ಮಡಿಸಿದರೆ ಎಂಟು ಎಲೆ, ಎರಡೂ ಬದಿ ಸೇರಿ 16 ಪುಟ. ಇದೇ ಒಂದು ಫಾರಂ. 12 ಫಾರಂ ಎಂದರೆ 192, 13 ಎಂದರೆ 208. ನಿಮ್ಮದು ಶೀರ್ಷಿಕೆ ಪುಟ, ಪರಿವಿಡಿ, ಮುನ್ನುಡಿ ಸೇರಿ 195 ಬಂದರೆ ಆ ಮೂರು ಪುಟಕ್ಕಾಗಿ ಇನ್ನೊಂದು ಫಾರಂ (ಅಥವಾ ಅರ್ಧ ಫಾರಂ) ಕಟ್ಟಬೇಕು. ಮುನ್ನುಡಿಯನ್ನು ಕತ್ತರಿಸಿ ಎಂಬುದು ನನ್ನ ಪಕ್ಷಪಾತದ ಸಲಹೆ.

ಕಾಗದದ ದಪ್ಪ ಅಂಚೆಗೆ ತಗುಲುತ್ತದೆ. ಇದನ್ನು ಹೊಸಬರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2025ರ ಮೇ 1ರಿಂದ ಅಂಚೆ ಇಲಾಖೆ ಪುಸ್ತಕಗಳಿಗೆ 'ಜ್ಞಾನ ಪೋಸ್ಟ್' ಎಂಬ ಸೇವೆ ಶುರುಮಾಡಿದೆ. 300 ಗ್ರಾಂವರೆಗೆ 20 ರೂಪಾಯಿ, ಗರಿಷ್ಠ 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. 208 ಪುಟದ ಡೆಮಿ ಪುಸ್ತಕವನ್ನು 70 ಜಿಎಸ್‌ಎಂ (ಒಂದು ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಕಾಗದದಲ್ಲಿ ಹಾಕಿಸಿದರೆ ಒಳಪುಟ ಸುಮಾರು 220 ಗ್ರಾಂ, 300 ಜಿಎಸ್‌ಎಂ ಮುಖಪುಟ ಸುಮಾರು 20 ಗ್ರಾಂ, ಲಕೋಟೆ, ಒಳಗಿನ ರಟ್ಟು ಸೇರಿ 270ರಲ್ಲಿ ನಿಲ್ಲುತ್ತದೆ. ಅದೇ 80 ಜಿಎಸ್‌ಎಂ ಆದರೆ ತಕ್ಕಡಿಯ ಮುಳ್ಳು 300ರ ಮೇಲೇ ತೂಗಾಡುತ್ತದೆ, ತುಸು ದಪ್ಪ ರಟ್ಟು ಹಾಕಿದರೂ ಮುಂದಿನ ದರ. ಈ ಸೇವೆಯಲ್ಲಿ ಕಳಿಸುವ ಪುಸ್ತಕದ ಮೇಲೆ ಪ್ರಕಾಶಕರ ಅಥವಾ ಮುದ್ರಕರ ಹೆಸರು ಅಚ್ಚಾಗಿರಲೇಬೇಕು, ಆದ್ದರಿಂದ ಎರಡನೇ ಪುಟದ ಮುದ್ರಣ ವಿವರವನ್ನು ಅರ್ಧಕ್ಕೆ ಬಿಡಬೇಡಿ. ವಾಟ್ಸಾಪಿನಲ್ಲಿ ಆರ್ಡರ್ ತೆಗೆದುಕೊಳ್ಳುವವರು ವಿಳಾಸದ ಜೊತೆ ಪಿನ್ ಕೋಡ್, ಮೊಬೈಲ್ ನಂಬರ್ ಬರೆಸಿಕೊಂಡ ಮೇಲೆಯೇ ಯುಪಿಐ ನಂಬರ್ ಕೊಡಿ. ದುಡ್ಡು ಬಂದು ವಿಳಾಸ ಬಾರದ ಆರ್ಡರುಗಳೇ ಆಮೇಲೆ ಜಗಳಕ್ಕೆ ಕಾರಣ.

ಆ 40 ಗೌರವ ಪ್ರತಿಗಳು ಎಲ್ಲಿಗೆ ಹೋಗುತ್ತವೆ? 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಪ್ರಕಾಶಕರು ತಮ್ಮ ಖರ್ಚಿನಲ್ಲಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ಸ್ವಂತ ಪ್ರಕಟಣೆಯಾದರೆ ಆ ಪ್ರಕಾಶಕರು ನೀವೇ. ಪತ್ರಿಕೆಗಳ ಪುಸ್ತಕ ವಿಮರ್ಶೆಗೆ ಎರಡೆರಡು, ಬಹುಮಾನಗಳ ಅರ್ಜಿಗೆ ಮೂರು ನಾಲ್ಕು ಬೇಕಾಗುತ್ತದೆ. ಉಳಿದದ್ದು ಕರಡು ತಿದ್ದಿದವರಿಗೆ, ಮುನ್ನುಡಿ ಬರೆದವರಿಗೆ, ಮನೆಯವರಿಗೆ. 'ನನಗೊಂದು ಕಾಪಿ ಇಲ್ವಾ?' ಎಂದು ಕೇಳುವ ಗೆಳೆಯರಿಗೆ ನಗುತ್ತಲೇ ಕ್ಯೂಆರ್ ಕೋಡ್ ತೋರಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದ ನಾಡು ಇದು. ನಿಮ್ಮ ಪುಸ್ತಕಕ್ಕೆ ದುಡ್ಡು ಕೇಳಲು ಇಲ್ಲಿ ನಾಚಿಕೆಪಡಬೇಕಿಲ್ಲ.

ಐಎಸ್‌ಬಿಎನ್‌ಗೆ (ಪುಸ್ತಕದ ಅಂತರರಾಷ್ಟ್ರೀಯ ಗುರುತು ಸಂಖ್ಯೆಗೆ) ದುಡ್ಡು ಕೇಳುವ ದಲ್ಲಾಳಿಗಳಿದ್ದಾರೆ. ಭಾರತದಲ್ಲಿ ರಾಜಾ ರಾಮ್‌ಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ, ಲೇಖಕರೂ ನೇರವಾಗಿ ಅರ್ಜಿ ಹಾಕಬಹುದು. ಇ-ಪುಸ್ತಕಕ್ಕೆ ಬೇರೆ ಸಂಖ್ಯೆ ಬೇಕು. ಹೊರದೇಶದ ಕನ್ನಡಿಗರಿಗೆ ಅಂಚೆ ವೆಚ್ಚ ಪುಸ್ತಕದ ಬೆಲೆಯನ್ನು ಮೀರುವುದರಿಂದ ಮೈಲ್ಯಾಂಗ್‌ನಂಥ ಆ್ಯಪ್‌ನಲ್ಲಿ ಇ-ಪುಸ್ತಕ ಅಥವಾ ಕೇಳುಪುಸ್ತಕ ಇಡುವುದು ಅವರಿಗೆ ಅನುಕೂಲ.

ಅಂಗಡಿಗಳಿಗೆ ಒಂದೇ ಸಲ ಐವತ್ತು ಕೊಡಬೇಡಿ. ಐದು ಕೊಡಿ, ಸಹಿ ಹಾಕಿದ ಡೆಲಿವರಿ ಚಲನ್ ಇಟ್ಟುಕೊಳ್ಳಿ, ಎರಡು ತಿಂಗಳಿಗೊಮ್ಮೆ ಹೋಗಿ ಎಷ್ಟು ಉಳಿದಿದೆ ಎಂದು ಎಣಿಸಿ. ಬಹುತೇಕ ಅಂಗಡಿಗಳಲ್ಲಿ ಮಾರಾಟವಾದ ಮೇಲೆ ದುಡ್ಡು, ಅದೂ ನೀವು ಕೇಳಿದರೆ. ಪುಸ್ತಕಪ್ರಿಯರು ಆನ್‌ಲೈನಿನಲ್ಲಿ ಅಂಚೆ ಖರ್ಚು ಉಳಿಸಲು ನಾಲ್ಕೈದು ಪುಸ್ತಕ ಒಟ್ಟಿಗೆ ತರಿಸುತ್ತಾರೆ. ಹಾಗಾಗಿ ನಿಮ್ಮ ಒಂದೇ ಪುಸ್ತಕ ಮಾರುವ ಸ್ವಂತ ವೆಬ್‌ಸೈಟಿಗಿಂತ ಹತ್ತಾರು ಪ್ರಕಾಶನದ ಪುಸ್ತಕ ಸಿಗುವ ಕನ್ನಡ ಮಳಿಗೆಯೊಂದರಲ್ಲಿ ಹತ್ತು ಪ್ರತಿ ಇರಿಸುವುದು ಮೇಲು.

300ರಲ್ಲಿ 40 ಉಳಿದಾಗ ಎರಡನೇ ಮುದ್ರಣದ ಮಾತು ಶುರುಮಾಡಿ, ಎಲ್ಲ ಖಾಲಿಯಾಗುವವರೆಗೆ ಕಾಯಬೇಡಿ. ಈ ಸಲವೂ ಸಾವಿರ ಬೇಡ, ಮೊದಲ 260 ಎಷ್ಟು ತಿಂಗಳಲ್ಲಿ ಹೋಯಿತು ನೋಡಿ ಇನ್ನೊಂದು ವರ್ಷಕ್ಕೆ ಸಾಲುವಷ್ಟು. ನೂರೇ ಬೇಕಿದ್ದರೆ ಡಿಜಿಟಲ್ ಮುದ್ರಣ ಇದೆ, ಪ್ಲೇಟಿನ ಖರ್ಚಿಲ್ಲ. ಬೈಂಡಿಂಗ್ ಮಾತ್ರ ಪರೀಕ್ಷಿಸಿ: ಮಾದರಿ ಪ್ರತಿಯನ್ನು ನಡುವೆ ತೆರೆದು ಬೆನ್ನು ಹಿಂದಕ್ಕೆ ಮಡಿಸಿ, ಎಲೆಯೊಂದು ಕೈಗೆ ಬಂದರೆ ಅಂಟು ಸಾಲದು. ಬರಿಯ ಕಾಗುಣಿತ ತಿದ್ದಿದ್ದರೆ ಅದು 'ಎರಡನೇ ಮುದ್ರಣ', ಐಎಸ್‌ಬಿಎನ್ ಹಳೆಯದೇ. ಹೊಸ ಕಥೆ ಸೇರಿಸಿದರೆ ಅದು 'ಪರಿಷ್ಕೃತ ಆವೃತ್ತಿ', ಸಂಖ್ಯೆಯೂ ಹೊಸದು. ಇದಕ್ಕಾಗಿ ಮೊದಲ ಮುದ್ರಣದ ಒಂದು ಪ್ರತಿಯನ್ನು ಬೇರೆ ತೆಗೆದಿಡಿ. 'ಪುಟ 87ರಲ್ಲಿ ಸುಬ್ಬಣ್ಣ ಸತ್ತಿದ್ದ, 112ರಲ್ಲಿ ಕಾಫಿ ಕುಡೀತಿದಾನಲ್ಲ' ಎಂದು ಯಾರಾದರೂ ಫೋನ್ ಮಾಡಿದರೆ ಆ ಪ್ರತಿಯಲ್ಲೇ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಹೇಳಿದವರ ಹೆಸರನ್ನು ನೋಟ್‌ಬುಕ್ಕಿನ ಪಟ್ಟಿಗೆ ಸೇರಿಸಿ.