ಕಿರುಬೆರಳು ಬೋರ್ಡ್: ಎರಡನೇ ಕಂತಿಗೆ ಮುಂಚೆ ಒಂದಿಷ್ಟು ಲೆಕ್ಕ

ಹಾಸನದಲ್ಲಿ ಯುಪಿಎಸ್, ಇನ್ವರ್ಟರ್ ಸರ್ವಿಸ್ ನನ್ನ ಹೊಟ್ಟೆಪಾಡು. ರಾತ್ರಿ ಊಟ ಆದಮೇಲೆ ಶುರುವಾಗುವುದು, ಪ್ರೋಗ್ರಾಂ ತುಂಬಿ ಸೆನ್ಸರ್ ಓದಲು, ಮೋಟಾರ್ ನಡೆಸಲು ನಾನೇ ಮಾಡಿದ ಈ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನ ಹುಚ್ಚು. ಅಗಲ ಕಿರುಬೆರಳಿಗಿಂತ ಚೂರು ಜಾಸ್ತಿ, ಅದಕ್ಕೇ ಆ ಹೆಸರು. ಒಳಗಿರುವುದು ಹಳೇ ಎಟಿಮೆಗಾ328ಪಿ ಚಿಪ್, ಒಂದೇ ಚಿಪ್ಪಿನಲ್ಲಿ ಪುಟ್ಟ ಕಂಪ್ಯೂಟರ್ ಅನ್ನಿ. 32 ಕೆಬಿ ಫ್ಲ್ಯಾಶ್, 2 ಕೆಬಿ ರ‍್ಯಾಮ್. ನಾನು ಓಡಿಸುವುದು 3.3 ವೋಲ್ಟ್, 8 ಮೆಗಾಹರ್ಟ್ಸ್‌ನಲ್ಲಿ. ಮೊದಲ ಸಲ 40 ಮಾಡಿಸಿದ್ದೆ, ಈಗ ಕೈಯಲ್ಲಿ ಉಳಿದಿರುವುದು ಮೂರು.

ಅರ್ಧ ಹೋಗಿದ್ದು ಡಿಪ್ಲೊಮಾ, ಇಂಜಿನಿಯರಿಂಗ್ ಹುಡುಗರಿಗೆ. ಮಿಕ್ಕಿದ್ದು ಸಕಲೇಶಪುರ, ಆಲೂರು, ಬೇಲೂರು ಕಡೆಯ ತೋಟದವರಿಗೆ. ಯಾರು ಏನು ಕೇಳಿದರೂ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಡುತ್ತಾ ಬಂದೆ. ಹೋದ ವಾರ ಕೂತು ಎಲ್ಲವನ್ನೂ ಓದಿದೆ. ಕೇಳಿದವರಿಗೆ ತಿಳಿಯದ್ದಕ್ಕಿಂತ ನಾನು ಬೋರ್ಡಿನಲ್ಲಿ ಉಳಿಸಿದ ತಪ್ಪುಗಳೇ ಜಾಸ್ತಿ ಇದ್ದವು.

ಅತಿ ಹೆಚ್ಚು ಸಲ ಬಂದ ಪ್ರಶ್ನೆ, "ಅಣ್ಣಾ, ಪೋರ್ಟ್ ಕಾಣಿಸ್ತಿಲ್ಲ". ಹನ್ನೊಂದು ಸಲ. ಇದರಲ್ಲಿ ಬಹುಪಾಲು ಕೇಬಲ್‌ನದೇ ತಪ್ಪು. ಚಾರ್ಜಿಂಗ್‌ಗೆ ಮಾತ್ರ ಇರುವ ಕೇಬಲ್‌ನಲ್ಲಿ ಡೇಟಾ ವೈರೇ ಇರುವುದಿಲ್ಲ. ದೀಪ ಉರಿಯುತ್ತೆ, ಕಂಪ್ಯೂಟರ್‌ಗೆ ಮಾತ್ರ ಏನೂ ಗೊತ್ತಾಗಲ್ಲ. ಇಬ್ಬರಿಗೆ, ಬೋರ್ಡಿನ ಯುಎಸ್‌ಬಿ ನೋಡಿಕೊಳ್ಳುವ ಸಿಎಚ್340 ಚಿಪ್ಪಿನ ಡ್ರೈವರ್ ಹಾಕಿಸಿಕೊಟ್ಟೆ. ಅಲ್ಲಿಗೆ ಮುಗೀತು.

ಆದರೆ ಒಬ್ಬ ಹುಡುಗ ಬೇರೆಯದೇ ಹೇಳಿದ. "ಅಪ್ಪನ ಹಳೇ ಚಾರ್ಜರ್‌ಗೆ ಹಾಕಿದ್ರೆ ಆನ್ ಆಗುತ್ತೆ, ನನ್ನ ಹೊಸ ಚಾರ್ಜರ್‌ಗೆ ಹಾಕಿದ್ರೆ ದೀಪಾನೇ ಬರಲ್ಲ." ಎರಡು ದಿನ ಅವನ ಚಾರ್ಜರನ್ನೇ ಬೈದೆ. ಆಮೇಲೆ ಸರ್ಕ್ಯೂಟ್ ತೆಗೆದು ನೋಡಿದರೆ, ಟೈಪ್-ಸಿ ಸಾಕೆಟ್‌ನ ಎರಡು ಸಿಸಿ ಪಿನ್‌ಗಳಿಗೆ ಹಾಕಬೇಕಾದ 5.1 ಕಿಲೋ ಓಮ್ ರೆಸಿಸ್ಟರ್‌ಗಳನ್ನು ನಾನು ಹಾಕೇ ಇಲ್ಲ! ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಆದರೆ, ಆ ರೆಸಿಸ್ಟರ್ ಕಂಡ ಮೇಲೇ ಚಾರ್ಜರ್ 5 ವೋಲ್ಟ್ ಬಿಡುವುದು. ಹಳೇ ಆಯತಾಕಾರದ ಯುಎಸ್‌ಬಿ ಸಾಕೆಟ್‌ನ ಚಾರ್ಜರ್‌ಗೆ ಆ ಗೋಜೇ ಇಲ್ಲ. 2019ರಲ್ಲಿ ಬಂದ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4ರ ಮೊದಲ ಬೋರ್ಡುಗಳಲ್ಲೂ ಈ ಸಿಸಿ ಪಿನ್‌ಗಳದ್ದೇ ಒಂದು ಎಡವಟ್ಟಿತ್ತು ಅಂತ ನೆನೆದು ಸಮಾಧಾನ ಮಾಡಿಕೊಂಡೆ. ಎರಡು ರೆಸಿಸ್ಟರ್ ಸೇರಿ ಒಂದು ರೂಪಾಯಿಯೂ ಆಗಲ್ಲ.

ಬೇಲೂರಿನ ಮೇಷ್ಟ್ರೊಬ್ಬರು ಮನೆ ಹಿಂದೆ ತಾಪ, ತೇವ ಬರೆದಿಡಲು ಒಂದು ಬೋರ್ಡ್ ಇಟ್ಟಿದ್ದರು. 2200 ಎಂಎಎಚ್‌ನ ಒಂದೇ ಲಿಥಿಯಂ ಸೆಲ್. "ಮೂರು ತಿಂಗಳು ಆರಾಮಾಗಿ ಬರುತ್ತೆ ಸಾರ್" ಅಂದಿದ್ದೆ. ಹನ್ನೆರಡನೇ ದಿನಕ್ಕೆ ಫೋನ್ ಬಂತು. ಅವರು ಸಿಟ್ಟಾಗಲಿಲ್ಲ, ಲೆಕ್ಕ ಹಾಕಿಸಿದರು, ಅದೇ ಕಷ್ಟ. ಚಿಪ್ ಮಲಗಿದಾಗ ಕುಡಿಯುವುದು ಕೆಲವೇ ಮೈಕ್ರೋ ಆಂಪ್. ಆದರೆ ಪಕ್ಕದಲ್ಲಿ ಕೂತು ವೋಲ್ಟೇಜನ್ನು 3.3ಕ್ಕೆ ಇಳಿಸುತ್ತಿದ್ದ ಎಎಮ್‌ಎಸ್1117 ರೆಗ್ಯುಲೇಟರ್ ಸುಮ್ನೆ ಕೂತೇ 5 ಮಿಲಿ ಆಂಪ್ ತಿನ್ನುತ್ತಿತ್ತು. ಪವರ್ ಎಲ್‌ಇಡಿ ಮತ್ತೆ 2 ಮಿಲಿ ಆಂಪ್. ದಿನಕ್ಕೆ 168 ಎಂಎಎಚ್. ಭಾಗಿಸಿ ನೋಡಿದರೆ 13 ದಿನ. ಸಾಲದ್ದಕ್ಕೆ ಆ ರೆಗ್ಯುಲೇಟರ್‌ಗೆ 1 ವೋಲ್ಟಿನಷ್ಟು ಅಂತರ ಬೇಕು, ಸೆಲ್ ಇಳಿಯುತ್ತಿದ್ದ ಹಾಗೆ ಚಿಪ್‌ಗೆ ಸಿಗುವ ವೋಲ್ಟೇಜೂ ಬಿದ್ದುಹೋಗುತ್ತೆ.

ಹೊಸ ಬೋರ್ಡಿಗೆ ಎಚ್‌ಟಿ7333 ರೆಗ್ಯುಲೇಟರ್ ಹಾಕಿದ್ದೇನೆ. ತನಗಾಗಿ 4 ಮೈಕ್ರೋ ಆಂಪ್‌ನಷ್ಟು ಸಾಕು ಅದಕ್ಕೆ. ಎಲ್‌ಇಡಿಗೆ ಹೋಗುವ ತಾಮ್ರದ ಗೆರೆಯನ್ನು ಬ್ಲೇಡಿನಲ್ಲಿ ಕತ್ತರಿಸಲು ಜಾಗ ಬಿಟ್ಟೆ. ಸಿಎಚ್340ಗೆ ಕರೆಂಟ್ ಯುಎಸ್‌ಬಿ ಚುಚ್ಚಿದಾಗ ಮಾತ್ರ. ಮಲಗಿದಾಗ ಇಡೀ ಬೋರ್ಡು ನನ್ನ ಮೀಟರ್‌ನಲ್ಲಿ 13 ಮೈಕ್ರೋ ಆಂಪ್ ತೋರಿಸಿತು. ಮೇಷ್ಟ್ರ ಬೋರ್ಡ್ ಹತ್ತು ನಿಮಿಷಕ್ಕೊಮ್ಮೆ ಏಳಬೇಕು. ಈ ಚಿಪ್ಪಿನ ವಾಚ್‌ಡಾಗ್ ಟೈಮರ್ ಒಂದು ಸಲಕ್ಕೆ 8 ಸೆಕೆಂಡಿಗಿಂತ ಜಾಸ್ತಿ ಮಲಗಲು ಬಿಡಲ್ಲ, ಹಾಗಾಗಿ 75 ಸಲ ಎದ್ದು, ಎಣಿಸಿ, ಮತ್ತೆ ಮಲಗುತ್ತೆ ಪಾಪ. ಕೈಯಲ್ಲೇ ಕೂರಿಸಿದ ಮಾದರಿ ಬೋರ್ಡೊಂದನ್ನು ಅವರಿಗೆ ಕೊಟ್ಟು 40 ದಿನ ದಾಟಿತು. ಸೆಲ್ ಇನ್ನೂ 3.9 ವೋಲ್ಟ್ ಇದೆಯಂತೆ.

ಇನ್ನು ಗೌಡ್ರ ವಿಷಯ. ಇದಕ್ಕೇ ಪುಸ್ತಕದಲ್ಲಿ ಆರು ಪುಟ ಹೋಗಿದೆ.

ಸಕಲೇಶಪುರದಾಚೆ ಹೆತ್ತೂರು ಕಡೆ ಅವರ ತೋಟ. ಫೆಬ್ರವರಿಯಲ್ಲಿ ರೋಬಸ್ಟಾಗೆ ಹೂ ಬರಿಸಲು ಸ್ಪ್ರಿಂಕ್ಲರ್ ಹೊಡೆಯುವ ಕಾಲ. ಮೋಟಾರ್ ಮೂರು ಗಂಟೆ ಓಡಿ ತಾನೇ ನಿಲ್ಲಬೇಕು, ಆಮೇಲೆ ಆಳುಗಳು ಪೈಪ್ ಬದಲಿಸುತ್ತಾರೆ. ಬೋರ್ಡು ಒಂದು ರಿಲೇ, ಅಂದರೆ ಕರೆಂಟಿನಿಂದ ಆಡುವ ಚಿಕ್ಕ ಸ್ವಿಚ್, ಎಳೆಯುತ್ತೆ, ರಿಲೇ ಸ್ಟಾರ್ಟರ್‌ನ ಕಾಂಟ್ಯಾಕ್ಟರ್ ಎಳೆಯುತ್ತೆ, ಅದು ಮೋಟಾರ್‌ನ ದೊಡ್ಡ ಸ್ವಿಚ್. ನನ್ನ ಮೇಜಿನ ಮೇಲೆ ಬಲ್ಬ್ ಕಟ್ಟಿ ಇಪ್ಪತ್ತು ಸಲ ನೋಡಿದ್ದೆ, ಒಂದು ಸಲವೂ ತಪ್ಪಲಿಲ್ಲ.

ಗೌಡ್ರು ಹೇಳಿದ್ದೇ ಬೇರೆ. "ಎಂಥ ಬೋರ್ಡು ಮಾರಾಯ ಇದು! ಮೋಟಾರ್ ನಿಲ್ಲಿಸ್ತದೆ, ಹಿಂದೇನೇ ಮತ್ತೆ ಚಾಲೂ ಮಾಡ್ತದೆ. ರಾತ್ರಿಯೆಲ್ಲಾ ಓಡಿ ಗಿಡ ಎಲ್ಲ ಕೆರೆ ಆಗಿದೆ ನೋಡು."

ಭಾನುವಾರ ಬೆಳಿಗ್ಗೆ ಬೈಕ್ ಹತ್ತಿದೆ. ಪಂಪ್ ಹೌಸ್ ಕೆರೆ ದಡದಲ್ಲಿ. ಟೈಮ್ ಮೂರು ನಿಮಿಷಕ್ಕೆ ಇಳಿಸಿ ಕಾದೆವು. ಮೂರನೇ ನಿಮಿಷಕ್ಕೆ ರಿಲೇ ಟಿಕ್ ಅಂತು, ಕಾಂಟ್ಯಾಕ್ಟರ್ ಧಡ್ ಅಂತ ಬಿಟ್ಟಿತು. ಆ ಧಡ್ ಜೊತೆಗೇ ನನ್ನ ಎಲ್‌ಇಡಿ ಮೂರು ಸಲ ಮಿಟುಕಿತು. ಅದು ಬೋರ್ಡ್ ಹೊಸದಾಗಿ ಶುರುವಾದಾಗ ಮಾಡುವ ಕೆಲಸ. ಅಂದರೆ ಕಾಂಟ್ಯಾಕ್ಟರ್ ಬಿಟ್ಟ ಕ್ಷಣಕ್ಕೇ ಚಿಪ್ ರೀಸೆಟ್ ಆಗುತ್ತಿದೆ. ಪ್ರೋಗ್ರಾಂ ಮೊದಲಿಂದ. ಮೊದಲ ಸಾಲು ಏನು? ಮೋಟಾರ್ ಆನ್.

ರೀಸೆಟ್ ಯಾಕಾಯಿತು ಅಂತ ಈ ಚಿಪ್ ತಾನೇ ಹೇಳುತ್ತೆ. ಅದಕ್ಕೊಂದು ರಿಜಿಸ್ಟರ್ ಇದೆ. ಬೂಟ್‌ಲೋಡರ್, ಅಂದರೆ ಚಿಪ್ ಏಳುತ್ತಲೇ ಮೊದಲು ಓಡುವ ಪುಟ್ಟ ಪ್ರೋಗ್ರಾಂ, ಅದನ್ನು ಒರೆಸಿಹಾಕೀತು ಅಂತ ಬೂಟ್‌ಲೋಡರ್ ಇಲ್ಲದೆ ಪ್ರೋಗ್ರಾಂ ತುಂಬಿ ಮತ್ತೆ ನೋಡಿದೆ. ವೋಲ್ಟೇಜ್ ಬಿದ್ದಿದ್ದಲ್ಲ, ರೀಸೆಟ್ ಪಿನ್‌ನಿಂದಲೇ ಬಂದಿದ್ದು. ಆ ಪಿನ್‌ಗೆ ಚಿಪ್ ಒಳಗೇ 30ರಿಂದ 60 ಕಿಲೋ ಓಮ್ ಪುಲ್-ಅಪ್ (ಪಿನ್ನನ್ನು ಮೇಲಿನ ವೋಲ್ಟೇಜಿಗೆ ಎಳೆದಿಡುವ ರೆಸಿಸ್ಟರ್) ಇದೆಯಲ್ಲ ಅಂತ ಹೊರಗಿನ 10 ಕಿಲೋ ಓಮ್ ರೆಸಿಸ್ಟರ್ ಹಾಕದೇ ಬಿಟ್ಟಿದ್ದೆ. ಮೇಲಾಗಿ ಆ ಗೆರೆ ಬೋರ್ಡಿನ ಅಂಚಿನುದ್ದಕ್ಕೂ ರಿಲೇ ಪಿನ್‌ಗಳ ಪಕ್ಕದಲ್ಲೇ ಓಡುತ್ತಿತ್ತು. ಕಾಯಿಲ್ ಬಿಟ್ಟಾಗ ಏಳುವ ಕಿಡಿಗೆ ಅದು ಆಂಟೆನಾ ಕಟ್ಟಿಕೊಟ್ಟ ಹಾಗೆ.

"ಡಯೋಡ್ ಹಾಕಿದ್ರೆ ಸರಿ ಹೋಗ್ತದಂತೆ, ಮೊಮ್ಮಗ ಹೇಳ್ದ" ಅಂದರು ಗೌಡ್ರು. ಕೈಯಲ್ಲಿ 1ಎನ್4007 ಹಿಡಿದೇ ನಿಂತಿದ್ದರು. "ಬೇಡ ಗೌಡ್ರೇ, ದಮ್ಮಯ್ಯ" ಅಂದೆ. ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತೆ. ರಿಲೇಯ ಡಿಸಿ ಕಾಯಿಲ್‌ಗೆ ಡಯೋಡ್ ಸರಿ. ಕಾಂಟ್ಯಾಕ್ಟರ್ ಕಾಯಿಲ್ ಓಡುವುದು ಎಸಿಯಲ್ಲಿ. ಅಲ್ಲಿ ಡಯೋಡ್ ಕಟ್ಟಿದರೆ ಸೆಕೆಂಡಿಗೆ 50 ಸಲ ಶಾರ್ಟ್ ಆದ ಹಾಗೆ, ಹೊಗೆ ಗ್ಯಾರಂಟಿ. ಮೇನ್ ಸ್ವಿಚ್ ಇಳಿಸಿ, ಕಿಡಿ ತಗ್ಗಿಸಲು ಕಾಯಿಲ್‌ನ ಎರಡು ತುದಿಗೆ 100 ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್‌ನ ಎಸಿ ಕೆಪಾಸಿಟರ್ ಸಾಲಾಗಿ ಕಟ್ಟಿದೆ. ಬೋರ್ಡಿಗೆ 10 ಕಿಲೋ ಓಮ್ ಬೆಸುಗೆ ಹಾಕಿದೆ. ಹದಿನೈದು ಸಲ ನಿಲ್ಲಿಸಿ ನೋಡಿದೆವು. ನಿಂತಿದ್ದು ನಿಂತೇ ಇತ್ತು. "ಓಟ ಮುಗಿದಿದೆ" ಅನ್ನುವುದನ್ನು ಈಗ ಕರೆಂಟ್ ಹೋದರೂ ಅಳಿಯದ ಮೆಮೊರಿ ಇಇಪ್ರಾಮ್‌ನಲ್ಲೂ ಬರೆದಿಡುತ್ತೇನೆ, ರೀಸೆಟ್ ಆದರೂ ಮೋಟಾರ್ ಏಳದ ಹಾಗೆ.

ಇಇಪ್ರಾಮ್ ಅಂದಾಗ ನೆನಪಾಯ್ತು. ಒಬ್ಬ ವಿದ್ಯಾರ್ಥಿ ಪ್ರತಿ ಸೆಕೆಂಡಿನ ತಾಪವನ್ನು ಅದರ ಒಂದೇ ಜಾಗಕ್ಕೆ ಬರೆಯಲು ಹೊರಟಿದ್ದ. ಒಂದು ಜಾಗಕ್ಕೆ ಲಕ್ಷ ಸಲ ಬರೆಯಬಹುದು ಅಂತ ಡೇಟಾಶೀಟ್ ಹೇಳುತ್ತೆ. ಲಕ್ಷ ಅಂದ್ರೆ ಎಷ್ಟೊಂದು ಅನ್ಸುತ್ತೆ ಅಲ್ವಾ? ಸೆಕೆಂಡಿಗೊಂದರಂತೆ 28 ಗಂಟೆ ತುಂಬುವುದರೊಳಗೆ ಖರ್ಚಾಗುತ್ತೆ.

"ವೈಫೈ ಯಾಕಿಲ್ಲ" ಅಂತ ಕೇಳಿದವರು ಆರು ಜನ. ಪಂಪ್ ಹೌಸ್‌ನಲ್ಲಿ ವೈಫೈ ಎಲ್ಲಿದೆ ಹೇಳಿ. ಇದಕ್ಕಿಂತ ಕಡಿಮೆಗೆ ಬೇರೆ ಬೋರ್ಡ್ ಸಿಗುತ್ತೆ ಅಂದವರೂ ಇದ್ದಾರೆ. ಸಿಗುತ್ತೆ, ತಗೊಳ್ಳಿ.

ಅಕ್ಷರ ಕಾಣಿಸಲ್ಲ ಅನ್ನುವ ದೂರು ಮಾತ್ರ ನಿಜ. ಹಿಂಬದಿಯಲ್ಲಿ ಕನ್ನಡದಲ್ಲೇ ಅಚ್ಚು ಹಾಕಿಸುವ ಆಸೆಯಿತ್ತು. ಆ ಅಳತೆಯಲ್ಲಿ ಒತ್ತಕ್ಷರಗಳೆಲ್ಲ ತುಂಬಿಕೊಂಡು ಬಿಳೀ ಚುಕ್ಕೆ ಆದವು. ಈಗ ಬೋರ್ಡಿನ ಜೊತೆ ಒಂದು ಹಾಳೆ ಕೊಡುತ್ತೇನೆ, ದೊಡ್ಡ ಅಕ್ಷರದಲ್ಲಿ. ಮೊದಲು "ಸಂವೇದಕ" ಅಂತ ಬರೆದಿದ್ದೆ. ಗೌಡ್ರು ಓದಿ "ಯಾರು ಅದು?" ಅಂದರು. ಸೆನ್ಸರ್ ಅಂತ ತಿದ್ದಿದೆ.

ಎರಡನೇ ಕಂತು 60 ಬೋರ್ಡ್. ಖಾಲಿ ಪಿಸಿಬಿ, ಅಂದರೆ ಭಾಗ ಕೂರಿಸದ ಬೋರ್ಡುಗಳು, ಮೊನ್ನೆ ಬಂದವು, ಇಲ್ಲಿವರೆಗೆ 22ಕ್ಕೆ ಬೆಸುಗೆ ಆಗಿದೆ. ಮಳೆಗಾಲವನ್ನು ಈ ಬೋರ್ಡ್ ಇನ್ನೂ ನೋಡಿಲ್ಲ. ಗೌಡ್ರ ಡಬ್ಬಿ ಬಿಚ್ಚಿದಾಗಲೇ ಒಳಗೆ ಕೆಂಪಿರುವೆ ಸಂಸಾರ ಹೂಡಿದ್ದವು. ಜೂನ್‌ನಲ್ಲಿ ಅವರ ಪಂಪ್ ಹೌಸ್‌ನಲ್ಲೇ ಮೂರು ಬೋರ್ಡ್ ಇಡುವುದು ಅಂತ ಮಾತಾಗಿದೆ. ಒಂದಕ್ಕೆ ಪಿಸಿಬಿ ಕೋಟಿಂಗ್, ಒಂದಕ್ಕೆ ನೇಲ್ ಪಾಲಿಶ್, ಒಂದಕ್ಕೆ ಏನೂ ಇಲ್ಲ. ನೇಲ್ ಪಾಲಿಶ್ ನನ್ನ ಹೆಂಡತಿಯದು, ಅವಳಿಗೆ ಇನ್ನೂ ಹೇಳಿಲ್ಲ. ಆಗಸ್ಟ್‌ನಲ್ಲಿ ಬಿಚ್ಚಿ ನೋಡುತ್ತೇನೆ.