ಖಾತೆ ನನ್ನ ಹೆಸರಿನಲ್ಲೇ ಇರಲಿ

ಭಾರತೀಯ ರಿಸರ್ವ್ ಬ್ಯಾಂಕ್ 2008ರ ಜೂನ್ 4ರಂದು ಹೊರಡಿಸಿದ ಒಂದು ಸುತ್ತೋಲೆಯ ಪ್ರತಿ ಸದಾ ನನ್ನ ಕೈಚೀಲದಲ್ಲಿರುತ್ತದೆ. ಕಣ್ಣು ಕಾಣದವರು ಕರಾರು ಮಾಡಿಕೊಳ್ಳಲು ಕಾನೂನಿನ ದೃಷ್ಟಿಯಲ್ಲಿ ಸಮರ್ಥರು. ಚೆಕ್ ಪುಸ್ತಕ, ಎಟಿಎಂ, ಲಾಕರ್, ಸಾಲ ಇವೆಲ್ಲವನ್ನೂ ತಾರತಮ್ಯವಿಲ್ಲದೆ ಅವರಿಗೆ ಕೊಡಬೇಕು ಎಂದು ಅದು ಎಲ್ಲ ಬ್ಯಾಂಕುಗಳಿಗೆ ಹೇಳಿದೆ. ಹುಟ್ಟಿನಿಂದ ದೃಷ್ಟಿಯಿಲ್ಲದ ನನಗೆ ಬೇರೆ ಯಾವ ಗುರುತಿನ ಚೀಟಿಗಿಂತಲೂ ಈ ಹಾಳೆ ಹೆಚ್ಚು ಕೆಲಸಕ್ಕೆ ಬಂದಿದೆ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಅಪ್ಪ ಹೋದ ಮೇಲೆ ಅಡಿಕೆ ತೋಟದಲ್ಲಿ ನನ್ನ ಪಾಲಿಗೆ ಬಂದದ್ದನ್ನು ಮಾರಿ, ಆ ಹಣಕ್ಕೆಂದೇ ಊರಿನ ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆಯಲು ಹೋದೆ. "ಅಣ್ಣನನ್ನು ಕರೆದುಕೊಂಡು ಬನ್ನಿ ಮೇಡಂ, ಜಂಟಿ ಖಾತೆ ಮಾಡೋಣ. ಚೆಕ್ ಪುಸ್ತಕ ಬೇಡ, ಯಾರಾದರೂ ಮೋಸ ಮಾಡಿಯಾರು, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ" ಎಂದರು. ಸಹಿ ಮಾಡುತ್ತೇನೆಂದರೂ ಹೆಬ್ಬೆಟ್ಟಿನ ಶಾಯಿ ಮುಂದಕ್ಕೆ ತಳ್ಳಿದರು. ರಟ್ಟಿನಲ್ಲಿ ಕಿಟಕಿ ಕೊರೆದ ಪಟ್ಟಿಯನ್ನು ಕಾಗದದ ಮೇಲಿಟ್ಟುಕೊಂಡು ನಾನು ಕಾಲೇಜಿನ ದಿನಗಳಿಂದಲೂ ಸಹಿ ಹಾಕುತ್ತಿದ್ದೇನೆ.

ಅವರ ದನಿಯಲ್ಲಿ ತಿರಸ್ಕಾರವಿರಲಿಲ್ಲ, ಕಾಳಜಿಯೇ ಇತ್ತು. ನನ್ನನ್ನು ಹೆಚ್ಚು ಕಾಡಿದ್ದೂ ಅದೇ. ಆ ಕಾಳಜಿಗೆ ಒಪ್ಪಿದರೆ ಅಪ್ಪನ ಆಸ್ತಿಯಲ್ಲಿ ನನಗೆ ಸಿಕ್ಕ ಪಾಲು ಆ ಕ್ಷಣದಿಂದ ಅಣ್ಣನ ಸಹಿಯನ್ನು ಕಾಯಬೇಕಾಗುತ್ತದೆ. ನನ್ನ ಅಣ್ಣ ಒಳ್ಳೆಯವನು. ಎಲ್ಲರ ಅಣ್ಣಂದಿರೂ ಹಾಗಿರುತ್ತಾರೆಯೇ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೆಯ ಸೆಕ್ಷನ್ ಇದನ್ನೆಲ್ಲ ಯೋಚಿಸಿಯೇ ಬರೆದಂತಿದೆ. ಆಸ್ತಿಯನ್ನು ಹೊಂದಲು, ಪಿತ್ರಾರ್ಜಿತವಾಗಿ ಪಡೆಯಲು, ಹಣಕಾಸನ್ನು ತಾವೇ ನಿಭಾಯಿಸಲು, ಬ್ಯಾಂಕ್ ಸಾಲ ಪಡೆಯಲು ಅಂಗವಿಕಲರಿಗೆ ಇತರರಷ್ಟೇ ಹಕ್ಕಿದೆ ಎಂದು ಅದು ಹೇಳುತ್ತದೆ. ನೆರವಿಗೆ ನಿಂತವರ ಹಿತಾಸಕ್ತಿಯೂ ನಮ್ಮದೂ ಒಂದು ವ್ಯವಹಾರದಲ್ಲಿ ಎದುರುಬದುರಾದರೆ, ಆ ವ್ಯವಹಾರದಿಂದ ಅವರು ದೂರವಿರಬೇಕು. ರಕ್ತಸಂಬಂಧವಿದೆ ಎಂದ ಮಾತ್ರಕ್ಕೆ ಯಾರನ್ನೂ ಅನುಮಾನಿಸಬೇಕಿಲ್ಲ ಎಂಬ ಮಾತೂ ಅಲ್ಲೇ ಇದೆ. ನೆರವು ಬೇಡವೆನಿಸಿದರೆ ಅದನ್ನು ಬದಲಾಯಿಸುವ, ಕೈಬಿಡುವ ಅಧಿಕಾರ ನಮ್ಮದು. ಸರ್ಕಾರಿ ಕೆಲಸಗಳಲ್ಲಿ ಅಂಗವಿಕಲರಿಗಿರುವ ಶೇಕಡಾ 4ರ ಮೀಸಲಾತಿಯ ಬಗ್ಗೆ ನಮ್ಮಲ್ಲಿ ಎಲ್ಲರಿಗೂ ಗೊತ್ತು, ಈ ಸೆಕ್ಷನ್ ಬಗ್ಗೆ ಮಾತಾಡುವವರು ವಿರಳ. ಹೆಣ್ಣುಮಕ್ಕಳಿಗಂತೂ ಇದನ್ನು ಬಾಯಿಪಾಠ ಮಾಡಿಸಬೇಕು ಎಂದು ನನಗನಿಸುತ್ತದೆ.

ಅಂದು ನಾನು ಸುತ್ತೋಲೆಯನ್ನು ಮೇಜಿನ ಮೇಲಿಟ್ಟು, "ಕೊಡುವುದಿಲ್ಲವೆಂದರೆ ಕಾರಣ ಬರೆದು, ದಿನಾಂಕ ಹಾಕಿ, ಸಹಿ ಮಾಡಿಕೊಡಿ" ಎಂದೆ. ವ್ಯವಸ್ಥಾಪಕರು ಅದನ್ನು ಓದಿದರು. ಖಾತೆ ನನ್ನೊಬ್ಬಳ ಹೆಸರಿನಲ್ಲೇ ಆಯಿತು, ಚೆಕ್ ಪುಸ್ತಕವೂ ಬಂತು.

ಈಗ ಬಾಗಿಲು ಮೊಬೈಲಿಗೆ ಸರಿದಿದೆ. ಕೆವೈಸಿ, ಅಂದರೆ ಗ್ರಾಹಕರ ಗುರುತಿನ ಪರಿಶೀಲನೆ, ಮಾಡುವಾಗ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ, ಮುಖವನ್ನು ಚೌಕಟ್ಟಿನೊಳಗೆ ತನ್ನಿ ಎನ್ನುತ್ತದೆ ಆ್ಯಪ್. ಚೌಕಟ್ಟು ಎಲ್ಲಿದೆಯೆಂದು ನಾನು ಹೇಗೆ ತಿಳಿಯಲಿ? ಆ್ಯಸಿಡ್ ದಾಳಿಯಲ್ಲಿ ರೆಪ್ಪೆ ಸುಟ್ಟವರು ಮಿಟುಕಿಸುವುದಾದರೂ ಹೇಗೆ? ಅಂಥ ಸಂತ್ರಸ್ತರೂ ದೃಷ್ಟಿಯಿಲ್ಲದ ಒಬ್ಬರೂ ಸಲ್ಲಿಸಿದ್ದ ಅರ್ಜಿಗಳ ಮೇಲೆ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಡಿಜಿಟಲ್ ಸೇವೆಗಳನ್ನು ಬಳಸುವ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲೇ ಅಡಕವಾಗಿದೆ ಎಂದು ಹೇಳಿ 20 ನಿರ್ದೇಶನಗಳನ್ನು ನೀಡಿತು. ಕಣ್ಣು ಮಿಟುಕಿಸುವುದಕ್ಕೆ ಬದಲಿ ವಿಧಾನಗಳಿರಬೇಕು ಎಂಬುದು ಅವುಗಳಲ್ಲೊಂದು. ಮೊಬೈಲಿನ ದನಿ ಆ ತೀರ್ಪನ್ನು ನನಗೆ ಓದಿ ಹೇಳಿದ ಸಂಜೆ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಇನ್ನೊಂದು ಸಂಗತಿ ಬಾಕಿಯಿದೆ. ಅಂಗಡಿಗಳಲ್ಲಿ ಕಾರ್ಡ್ ಉಜ್ಜುವ ಹೊಸ ಯಂತ್ರಗಳಲ್ಲಿ ಕೆಲವಕ್ಕೆ ಗುಂಡಿಗಳಿಲ್ಲ, ಬರೀ ನುಣುಪು ಗಾಜು. ಪಿನ್ ಒತ್ತಲಾಗದೆ ಕಿರಾಣಿ ಅಂಗಡಿಯವರಿಗೆ ಬಾಯಿಬಿಟ್ಟು ಹೇಳಬೇಕಾಗುತ್ತದೆ, ಹಿಂದೆ ಸಾಲಿನಲ್ಲಿ ನಿಂತವರೂ ಕೇಳಿಸಿಕೊಳ್ಳುತ್ತಾರೆ. ಬೆರಳಿಗೆ ಸಿಗುವ ಗುಂಡಿಗಳ ಯಂತ್ರವನ್ನೇ ಕೊಡಬೇಕೆಂದು ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಬರೆಯುತ್ತಿದ್ದೇನೆ. ನಿಮಗೂ ಹೀಗಾಗಿದ್ದರೆ ಅಂಗಡಿಯ ಊರು, ದಿನಾಂಕ, ಯಂತ್ರದ ಮೇಲಿರುವ ಬ್ಯಾಂಕಿನ ಹೆಸರು ಇಷ್ಟನ್ನು ನನಗೆ ಬರೆದು ಕಳುಹಿಸಿ, ದೂರಿನ ಜೊತೆ ಸೇರಿಸುತ್ತೇನೆ.